ಎಲೆ ಕಟ್ಟಿದ ಮೀನು

ಬೆಸ್ತರ ನಿಂಗಮ್ಮ ಹಸಿ ಮೀನನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದಳು. ಹೆಬ್ಬೆರಳಿನಿಂದ ಕಿವಿರನ್ನು ಎತ್ತಿ, ಒಳಗಿನ ಕೆಂಪನ್ನು ಬಿಸಿಲಿಗೆ ಹಿಡಿದು, ಮೂಸಿ, ಕೊನೆಗೆ ನಾಲಿಗೆಯನ್ನು ಚೂರೇ ಚೂರು ಚಾಚಿ ಅಲ್ಲಿಗೆ ತಾಗಿಸಿ ಸರಕ್ಕನೆ ಒಳಗೆಳೆದುಕೊಳ್ಳುವಳು. ಆಮೇಲೆ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ಕಣ್ಣು ಮುಚ್ಚಿ ಕೂರುವಳು. ಸುತ್ತ ಸಂತೆ ಗಿಜಿಗುಡುತ್ತಿದ್ದರೂ ಆ ಹೊತ್ತಿನಲ್ಲಿ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ನಾಲಿಗೆ ಚುಮುಗುಟ್ಟಿದರೆ ಆ ಕುಕ್ಕೆ ವಾಪಸು. ಇಲ್ಲದಿದ್ದರೆ ಕಣ್ಣು ಬಿಟ್ಟು, ಉಗುಳಿ, ಬಾಯಿ ಮುಕ್ಕಳಿಸಿ, "ಮಡಗು" ಅನ್ನುವಳು.

ಇದನ್ನು ಮೊದಲ ಸಲ ಕಂಡ ದಿನ ನಾನು ಹೊಳೆನರಸೀಪುರದ ಮೀನಿನ ಸಾಲಿನ ಪಕ್ಕದ ಚರಂಡಿಗೆ ಬಗ್ಗಿ, ಬೆಳಿಗ್ಗೆ ತಿಂದ ಅವಲಕ್ಕಿಯನ್ನೆಲ್ಲ ಕಕ್ಕಿಕೊಂಡೆ.

"ಏನ್ಸಾ, ಬಂದ್ ದಿನ್ವೇ ಚರಂಡಿ ತಪಾಸ್ಣೆನಾ?" ಎಂದು ನಿಂಗಮ್ಮ ಕೂತಲ್ಲಿಂದಲೇ ಕೇಳಿದಳು. ಸಾಲಿಗೆ ಸಾಲೇ ನಕ್ಕಿತು.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತನಾಲ್ಕು ತುಂಬಿತ್ತು. ಹಾಸನದಲ್ಲಿ ಈರುಳ್ಳಿಯನ್ನೂ ವಾರಕ್ಕೆ ಎರಡು ದಿನ ಒಳಗೆ ಬಿಡದ ಮನೆಯಲ್ಲಿ ಬೆಳೆದವನು, ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಹೊಳೆನರಸೀಪುರದ ಪುರಸಭೆಗೆ ಬಂದಿದ್ದೆ. ಸಿಡುಬಿನ ಲಸಿಕೆ, ಚರಂಡಿಗೆ ಡಿಡಿಟಿ, ಹೋಟೆಲುಗಳ ಅಡಿಗೆಮನೆ, ಇವೆಲ್ಲ ಹೇಗೋ ನಡೆಯುತ್ತಿತ್ತು. ಮೀನು ಮಾತ್ರ ನನ್ನ ಪಾಲಿಗೆ ಶನಿಯಾಗಿ ಬಂತು. ಪರೀಕ್ಷೆಗೆಂದು ಮೀನಿನ ಬಗ್ಗೆ ಎರಡು ಪುಟ ಬಾಯಿಪಾಠ ಮಾಡಿದ್ದೆನೇ ಹೊರತು ಮೀನನ್ನು ಕೈಯಲ್ಲಿ ಹಿಡಿದವನಲ್ಲ. ಮೂಗಿಗೆ ಕರ್ಚೀಫು ಒತ್ತಿಕೊಂಡು ಸಾಲಿನ ಆ ತುದಿಯಿಂದ ಈ ತುದಿಗೆ ಓಡುವ ನಡಿಗೆಯಲ್ಲಿ ಹೋಗಿಬಂದರೆ ನನ್ನ ತಪಾಸಣೆ ಮುಗಿಯಿತು. ನಿಂಗಮ್ಮ ನನಗೆ 'ಕರ್ಚೀಪ್ ಸಾ' ಎಂದು ಹೆಸರಿಟ್ಟಳು. ತಿಂಗಳೊಳಗೆ ಊರೆಲ್ಲ ಹಾಗೇ ಕರೆಯುತ್ತಿತ್ತು.

ಅವಳಿಗೆ ನನ್ನ ತಾಯಿಯ ವಯಸ್ಸು. ಆದರೂ ನಾನು ಅವಳನ್ನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ನೀವು ಎನ್ನುತ್ತಿದ್ದಳು. ಆಗ ಅದು ಹಾಗೇ ಇತ್ತು. ಈಗ ಬರೆಯುವಾಗ ಬಹುವಚನಕ್ಕೆ ತಿದ್ದಿದರೆ ಸುಳ್ಳು ಬರೆದಂತಾಗುತ್ತದೆ.

ಗಂಡ ಇದ್ದಾಗ ಅವನೇ ಹೇಮಾವತಿಯಲ್ಲಿ ಬಲೆ ಹಾಕುತ್ತಿದ್ದನಂತೆ. ಅವನು ಹೋದಮೇಲೆ ನಿಂಗಮ್ಮ ಬೇರೆಯವರಿಂದ ಕುಕ್ಕೆಗಟ್ಟಲೆ ಕೊಂಡು ಮಾರುತ್ತಿದ್ದಳು. ಗೊರೂರಿನ ಕಡೆಯಿಂದ ಹೊಳೆ ಮೀನು ಬರುತ್ತಿತ್ತು, ಸುತ್ತಲ ಹಳ್ಳಿಗಳಿಂದ ಕೆರೆ ಮೀನು. ತರುವವರಿಗೆ ಅವಳದೊಂದು ಕಟ್ಟಳೆ ಇತ್ತು. ಮೀನಿನ ಜೊತೆಗೆ ಅದು ಈಜುತ್ತಿದ್ದ ನೀರನ್ನೂ ಒಂದು ಕುಡಿಕೆಯಲ್ಲಿ ತರಬೇಕು. ಅವಳು ಪಕ್ಕದ ತಪ್ಪಲೆಯಲ್ಲಿ ಹೊಳೆಯ ಮರಿಮೀನುಗಳನ್ನು ಜೀವಂತ ಇಟ್ಟಿರುತ್ತಿದ್ದಳು. ಅದರಲ್ಲೊಂದನ್ನು ಹಿಡಿದು ಆ ಕುಡಿಕೆಯೊಳಗೆ ಬಿಟ್ಟು, ಸಂಚಿ ಬಿಚ್ಚಿ ಎಲೆಅಡಿಕೆ ಹಾಕಿಕೊಳ್ಳುವಳು. ಎಲೆಅಡಿಕೆ ಅಗಿದು ಮುಗಿಯುವವರೆಗೂ ಮರಿಮೀನು ಚಿಮ್ಮಿ ಆಡುತ್ತಿದ್ದರೆ ನೀರು ಸರಿ. ಮಗ್ಗುಲಾದರೆ ಕುಕ್ಕೆ ತಂದವನಿಗೆ ಮಂಗಳಾರತಿ. ನೀರು ಸರಿಯಿದ್ದರೂ ನಾಲಿಗೆಯ ಪರೀಕ್ಷೆ ತಪ್ಪುತ್ತಿರಲಿಲ್ಲ.

ಒಂದು ಸಲ ಒಬ್ಬ ಫಳಫಳ ಹೊಳೆಯುವ ಗೆಂಡೆ ಮೀನು ತಂದ. ಕುಡಿಕೆ ಇರಲಿಲ್ಲ.

"ನೀರೆಲ್ಲಿ?"

"ಮರ್ತ್‌ಬಂದೆ ಕಣಮ್ಮೋ."

"ನೀರ ಮರ್ತೋನು ಮೀನ ಮಾತ್ರ ಎಂಗ್ಲಾ ಮರೀದೆ ತಂದೆ? ಎತ್ತು ಕುಕ್ಕೆಯ. ನಡಿ, ನಡಿ."

ಅವನು ಅರ್ಧ ರೇಟಿಗೆ ಕೊಡುತ್ತೇನೆಂದ. ನಿಂಗಮ್ಮ ಅವನ ಕಡೆ ಬೆನ್ನು ತಿರುಗಿಸಿ ಕೂತಳು.

ಎಲ್ಲ ನೋಡಿ ಆದಮೇಲೆ ಅವಳು ಮೀನುಗಳನ್ನು ಜೊಂಡಿನಿಂದ ಪೋಣಿಸಿ ಎಲೆ ಕಟ್ಟುತ್ತಿದ್ದಳು. ಹೊಳೆಯ ಮೀನಿಗೆ ಹೊಂಗೆ ಎಲೆ, ಕೆರೆಯ ಮೀನಿಗೆ ಎಕ್ಕದ ಎಲೆ. ಎಲೆ ಇದೆಯೆಂದರೆ ನಿಂಗಮ್ಮ ನೋಡಿದ್ದಾಳೆ ಎಂದರ್ಥ, ಯಾವ ನೀರಿನದೆಂದೂ ಗೊತ್ತಾಯಿತು. ಓದು ಬರಹ ಬಾರದವರೂ ದೂರದಿಂದಲೇ ಎಲೆ ನೋಡಿ ಹತ್ತಿರ ಬರುತ್ತಿದ್ದರು. ಇದು ಅವಳ ಅತ್ತೆ ಹಾಕಿಕೊಟ್ಟ ಪದ್ಧತಿ. ನಿಂಗಮ್ಮ ಮದುವೆಯಾಗಿ ಬಂದ ವರ್ಷ, ಯಾರೋ ಮಡುವಿಗೆ ಏನನ್ನೋ ಬೆರೆಸಿ ಹಿಡಿದ ಮೀನನ್ನು ಇವರ ಮನೆಯವರೇ ತಿಳಿಯದೆ ಮಾರಿ, ಮಿಕ್ಕಿದ್ದನ್ನು ತಾವೂ ಉಂಡರಂತೆ. ಅವಳ ಮೈದುನ ಅದರಲ್ಲಿ ಹೋದ. ಅಂದಿನಿಂದ ಅತ್ತೆ, ಅತ್ತೆಯ ನಂತರ ಸೊಸೆ.

"ನಿಂಗಮ್ಮ, ಇದೇನು ಹುಚ್ಚು ನಿನಗೆ? ವಿಷ ಇದ್ದರೆ ಮೊದಲು ಸಾಯೋಳು ನೀನೇ ಅಲ್ಲವೇ?" ಎಂದು ನಾನೊಮ್ಮೆ ಗದರಿದೆ. ಹಿಂದಿನ ದಿನ ಎಂಥದೋ ಮೀನಿಗೆ ನಾಲಿಗೆ ತಾಗಿಸಿ, ಅವಳ ತುಟಿ ಊದಿಕೊಂಡು ಮಾತು ತೊದಲುತ್ತಿತ್ತು.

"ಇನ್ಯಾರ್ ನಾಲ್ಗೆ ಮಡಗ್ಲಿ ಸಾ? ನಿಮ್ದು ಕೊಡ್ತೀರಾ?" ಎಂದಳು. ನಾನು ಕರ್ಚೀಫು ಮೂಗಿಗೆ ಹಿಡಿದೆ. ಅವಳು ನಕ್ಕು, ಆಮೇಲೆ ದನಿ ತಗ್ಗಿಸಿ ಹೇಳಿದಳು: "ನಂಗೂ ಎದ್ರಿಕೆ ಕಣ್ ಸಾ. ದಿನಾ ಎದ್ರಿಕೆ. ಒಂದೊಂದ್ಸಲ ಮುಟ್ಸೋವಾಗ ಎದೆ ಡವಡವ ಅಂತದೆ. ತಿಂದೋರ್ ಮನೇಲಿ ಸಂಜೆಗೆ ಏನಾಯ್ತೋ ಏನೋ ಅಂತ ಮನೆಗೋದ್ಮ್ಯಾಕೂ ಅದೇ ಗ್ಯಾನ."

ನಾನು ಹೆದರುಪುಕ್ಕಲ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಹೀಗೆ ಹೆದರಿಕೊಂಡೇ ದಿನವೂ ಅದೇ ಕೆಲಸಕ್ಕೆ ಕೂರುವವರನ್ನು ನಾನು ಕಂಡದ್ದು ಅಲ್ಲೇ. ನನ್ನ ಹೆದರಿಕೆ ಯಾವತ್ತೂ ಕಾಲಿಗೆ ಬುದ್ಧಿ ಹೇಳುವ ಜಾತಿಯದು.

ಆ ಕಾಲಕ್ಕೆ ನಮ್ಮ ಕಡೆಗೆ ಎಂಡ್ರಿನ್ ಬಂತು. ಭತ್ತದ ಹುಳಕ್ಕೆಂದು ಮಾರುತ್ತಿದ್ದ ಎಣ್ಣೆ, ಸೀಮೆಎಣ್ಣೆಯ ಹಾಗೆ ವಾಸನೆ. ಹುಳ ಸತ್ತವೋ ಇಲ್ಲವೋ, ಹಳ್ಳಿಗಳಲ್ಲಿ ಬಾವಿಗೆ ಹಾರಬೇಕಾದವರು ಈಗ ಅದನ್ನು ಕುಡಿಯತೊಡಗಿದರು. ಕೆಲವು ಪುಂಡರಿಗೆ ಇನ್ನೊಂದು ಉಪಾಯ ಹೊಳೆಯಿತು. ಬೇಸಿಗೆಯಲ್ಲಿ ಕೆರೆಯ ಗುಂಡಿಗೆ ಒಂದು ಸೀಸೆ ಹೊಯ್ದರೆ ಸಾಕು, ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ, ಬಲೆಯೂ ಬೇಡ ಗಾಳವೂ ಬೇಡ. ಅಂಥ ಮೀನು ಸಂತೆಗಳಿಗೆ ಬರುತ್ತಿದೆಯೆಂದು ಸುದ್ದಿ ಹಬ್ಬಿ, ತಪಾಸಣೆ ಮಾಡದೆ ಮೀನು ಮಾರಲು ಬಿಡಕೂಡದೆಂದು ಮೇಲಿನಿಂದ ಆರ್ಡರು ಬಂತು.

ಪರೀಕ್ಷೆ ಮಾಡಿಸೋಣವೆಂದರೆ ಮೀನಿನ ತುಂಡನ್ನು ಸೀಸೆಯಲ್ಲಿ ತುಂಬಿ ಬೆಂಗಳೂರಿಗೆ ಕಳಿಸಬೇಕು. ಉತ್ತರ ಬರುವ ಹೊತ್ತಿಗೆ ತಿಂದವರ ತಿಥಿಯೂ ಮುಗಿದಿರುತ್ತದೆ. ನಾನು ಬುದ್ಧಿ ಓಡಿಸಿದೆ. ದಪ್ಪ ಕಾಗದದ ಚೀಟಿಗಳನ್ನು ಕತ್ತರಿಸಿ, 'ತಪಾಸಣೆಯಾಗಿದೆ' ಎಂದು ಅಚ್ಚು ಹಾಕಿಸಿ, ಮೇಲೆ ಪುರಸಭೆಯ ದುಂಡು ಸೀಲು ಒತ್ತಿ, ಪ್ರತಿ ಗೊಂಚಲಿಗೂ ಒಂದೊಂದು ಕಟ್ಟುವ ಏರ್ಪಾಟು ಮಾಡಿದೆ. ಹಾಸನದಿಂದ ಬಂದ ಮೇಲಧಿಕಾರಿಗಳು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

"ಇನ್ನು ಈ ಎಲೆಗಿಲೆ ಬೇಡ ನಿಂಗಮ್ಮ. ಕಾಡು ಜನರ ಹಾಗೆ" ಎಂದೆ.

ಅವಳು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದು ಸರ್ಕಾರುದ್ದಾ ಸಾ?" ಎಂದಳು. ಹೌದೆಂದೆ. ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಮೊದಲು ಕೆಲವು ವಾರ ಎಲ್ಲ ಸರಿಯಾಗಿತ್ತು. ಅವಳು ಕುಡಿಕೆ, ನಾಲಿಗೆ ಎರಡನ್ನೂ ಮಾಡಿ "ಮಡಗು" ಎಂದಮೇಲೆ ನಾನು ಕರ್ಚೀಫಿನ ಹಿಂದಿನಿಂದ ಸೀಲು ಒತ್ತುತ್ತಿದ್ದೆ. ಆದರೆ ಆ ವಾಸನೆಯಲ್ಲಿ ಎರಡು ಗಂಟೆ ನಿಲ್ಲುವುದು ನನ್ನಿಂದಾಗಲಿಲ್ಲ. ಹೇಗೂ ನಿಂಗಮ್ಮ ನೋಡೇ ನೋಡುತ್ತಾಳಲ್ಲ, ನಾನೇಕೆ ಅಲ್ಲಿ ಕಂಬದ ಹಾಗೆ ನಿಲ್ಲಬೇಕು ಅನ್ನಿಸಿತು. ಸಂತೆಯ ಹಿಂದಿನ ಸಂಜೆ ಮನೆಯಲ್ಲೇ ಕೂತು, ಕಾಫಿ ಕುಡಿಯುತ್ತ, ಒಂದು ಕಟ್ಟು ಚೀಟಿಗೆ ಸೀಲು ಒತ್ತಿ ಜವಾನ ಮರಿಯಪ್ಪನ ಕೈಗೆ ಕೊಡತೊಡಗಿದೆ. ಅವನು ಸಂತೆಯ ಗೇಟಿನಲ್ಲಿ ನಿಂತು ಬಂದ ಕುಕ್ಕೆಗಳಿಗೆಲ್ಲ ಹಂಚುತ್ತಿದ್ದ. ಚೀಟಿಯೊಂದಿಗೆ ಕುಕ್ಕೆ ಒಳಗೆ ಬಂದದ್ದನ್ನು ನೋಡಿ ನಿಂಗಮ್ಮ ಏನೆಂದುಕೊಂಡಾಳು ಎಂದು ನಾನು ಯೋಚಿಸಲೇ ಇಲ್ಲ.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಅದೊಂದು ಸಂತೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಆಫೀಸಿನಲ್ಲಿ ಲಸಿಕೆಯ ಪಟ್ಟಿ ಬರೆಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ನಿಂಗಮ್ಮ. ಪುರಸಭೆಯ ಮೆಟ್ಟಿಲನ್ನು ಅವಳು ಹತ್ತಿದವಳೇ ಅಲ್ಲ. ಮಡಿಲಲ್ಲಿ ಏನನ್ನೋ ಕಟ್ಟಿಕೊಂಡಿದ್ದಳು. ನನ್ನ ಮೇಜಿನ ಮುಂದೆ ನಿಂತು ಸೆರಗು ಬಿಚ್ಚಿದಳು. ಒಳಗೊಂದು ಕಾಗೆ. ಅದರ ಕಾಲು ಇನ್ನೂ ಅದುರುತ್ತಿತ್ತು.

"ಕರುಳು ತಿಂದೋ ಸಾ. ನಾಕು ಬಿದ್ದವೆ. ಒಂದ್ ಬೆಕ್ಕು ಗೋಡೆ ಸಂದೀಲಿ ಒದ್ದಾಡ್ತಾ ಅದೆ."

"ಯಾವ ಮೀನಿನ ಕರುಳು?"

"ಬೆಳಿಗ್ಗೆ ಯಾರೋ ಇಬ್ರು ತಂದ್ರಲ್ಲ, ಎಲ್ಲೂ ಕಂಡೋರಲ್ಲ, ಕೆರೆ ಮೀನು. ಎರಡು ಕುಕ್ಕೆ. ನಾನೇ ಕೊಂಡ್ಕಂಡೆ." ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು. "ನಿಮ್ ಚೀಟಿ ಇತ್ತಲ್ಲ ಸಾ. ನೀವು ನೋಡಿದ್ರಲ್ಲ?"

"ನೀನು ನೋಡಲಿಲ್ಲವೇ?"

"ನಾನ್ಯಾಕೆ ನೋಡ್ಲಿ ಸಾ? ಸರ್ಕಾರ್ದೋರು ಗೇಟಲ್ಲೇ ನೋಡಿ ಚೀಟಿ ಕಟ್ತಾವ್ರೆ ಅಂದ್ರು. ಗೇಟಲ್ಲಿ ಕಟ್ಟಾಕ್ ಸುರು ಮಾಡ್ದಾಗ್ಲಿಂದ ನಾನು ನೋಡೋದ್ನೇ ಬುಟ್ಬುಟ್ಟಿವ್ನಿ."

ಎಷ್ಟೋ ವಾರಗಳಿಂದ ನಾನು ಅವಳನ್ನು ನಂಬಿಕೊಂಡು ಸೀಲು ಒತ್ತಿದ್ದೆ, ಅವಳು ನನ್ನ ಸೀಲನ್ನು ನಂಬಿಕೊಂಡು ಮಾರಿದ್ದಳು. ಆ ಊರಿನಲ್ಲಿ ಮೀನನ್ನು ಯಾರೂ ನೋಡಿರಲಿಲ್ಲ. ಕುರ್ಚಿಯ ಹಿಡಿ ಹಿಡಿದುಕೊಂಡು ಕೂತೇ ಇದ್ದೆ.

"ಏಳಿ ಸಾ," ಎಂದಳು ನಿಂಗಮ್ಮ. "ಒಲೆ ಮೇಲೆ ಮಡಗಿರ್ತಾರೆ."

ಮರಿಯಪ್ಪನನ್ನು ಓಡಿಸಿ, ಸಂತೆಯಲ್ಲೂ ಬಸ್ ಸ್ಟ್ಯಾಂಡಿನಲ್ಲೂ ತಮಟೆ ಹೊಡೆಸಿದೆವು. ಹಳ್ಳಿಯ ಜನ ಇನ್ನೂ ಸಂತೆ ಬಿಟ್ಟಿರಲಿಲ್ಲವಾದ್ದರಿಂದ ಅವರ ಚೀಲಗಳಲ್ಲಿದ್ದದ್ದು ವಾಪಸು ಬಂತು. ಊರೊಳಗಿನ ಮನೆಗಳಿಗೆ ನಾವೇ ಹೊರಟೆವು. ಯಾರಿಗೆ ಯಾವ ಮೀನು ಕೊಟ್ಟೆನೆಂಬುದು ಅವಳಿಗೆ ಬೆರಳ ತುದಿಯಲ್ಲಿತ್ತು. ಕೋಟೆ ಬೀದಿಯ ಟೈಲರ ಮನೆಗೆ ಎರಡು ಗೆಂಡೆ, ಜಟಕಾ ಸಾಬರ ಮನೆಗೆ ಒಂದು ಬಾಳೆಮೀನು, ಹಿಟ್ಟಿನ ಗಿರಣಿಯವರಿಗೆ ಒಂದು ಗೊಂಚಲು. ಆ ಉರಿಬಿಸಿಲಲ್ಲಿ ಅವಳು ಬರಿಗಾಲಲ್ಲಿ ಮುಂದೆ ಮುಂದೆ ಓಡುತ್ತಿದ್ದಳು, ನಾನು ಹಿಂದೆ.

ಟೈಲರ ಮನೆಯಲ್ಲಿ ಸಾರು ಕುದಿಯುತ್ತಿತ್ತು. ಆಯಮ್ಮ ಬಾಗಿಲಿಗೆ ಬಂದು ಏನೆಂದು ಕೇಳುವ ಮೊದಲೇ ನಾನು ಕೈ ಚಾಚಿದೆ. "ಚೀಟಿ ಎಲ್ಲಿ? ಮೀನಿಗೆ ಕಟ್ಟಿದ್ದ ಚೀಟಿ ಕೊಡಿ" ಎಂದೆ.

ನಿಂಗಮ್ಮ ತಿರುಗಿ ನೋಡಿದಳು.

"ಚೀಟಿ ಆಮ್ಯಾಕೆ ಸಾ. ಮೊದ್ಲು ಮಡಕೆ," ಎಂದು ನನ್ನನ್ನು ದಾಟಿ ಒಳಗೆ ನುಗ್ಗಿ, ಬರಿಗೈಯಲ್ಲೇ ಮಡಕೆಯ ಕಂಠ ಹಿಡಿದು ಎತ್ತಿ ಹಿತ್ತಲಿಗೆ ಒಯ್ದು ಗುಂಡಿಗೆ ಸುರಿದಳು. ಅಂಗೈ ಸುಟ್ಟು ಕೆಂಪಾಗಿತ್ತು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಆದರೂ ನಾನು ಆ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳದೆ ಬಿಡಲಿಲ್ಲ. ಮುಂದಿನ ಮನೆಗಳಲ್ಲೂ ಬಿಡಲಿಲ್ಲ. ಅವಳು ಮಡಕೆ ಚೆಲ್ಲುತ್ತಿದ್ದಳು, ನಾನು ಚೀಟಿ ಆರಿಸುತ್ತಿದ್ದೆ.

ಗಿರಣಿಯ ಮನೆಯಲ್ಲಿ ಒಬ್ಬ ಮುದುಕ ಆಗಲೇ ಒಂದು ತುಂಡು ತಿಂದಿದ್ದ. ಉಪ್ಪುನೀರು ಕುಡಿಸಿ ಕಕ್ಕಿಸಿ ಆಸ್ಪತ್ರೆಗೆ ಕಳಿಸಿದೆವು. ಅವನಿಗೆ ಏನೂ ಆಗಲಿಲ್ಲ. ಕೊನೆಯ ಮನೆಯಿಂದ ಹೊರಬಂದಾಗ ಹನ್ನೆರಡು ದಾಟಿತ್ತು. ನಾನು ಒಂದು ಜಗಲಿಯ ಮೇಲೆ ಕುಸಿದು ಕೂತು, "ಮುಗಿಯಿತಲ್ಲ?" ಎಂದೆ.

ನಿಂಗಮ್ಮ ಕೂರಲಿಲ್ಲ. "ಒಂದ್ ಮನೆ ಉಳ್ಕಂಡದೆ ಸಾ," ಎಂದಳು. "ಗೌರಿ ಮನೆ."

ಗೌರಿ ಅವಳ ಒಬ್ಬಳೇ ಮಗಳು. ಚನ್ನರಾಯಪಟ್ಟಣಕ್ಕೆ ಕೊಟ್ಟಿತ್ತು. ಅಳಿಯ ಚಿಕ್ಕಣ್ಣ ದಂಡಿಗನಹಳ್ಳಿ ಕಡೆಯವನು, ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಗೌರಿಗೆ ಎರಡನೆಯ ಹೆರಿಗೆಯಾಗಿ ಆಗಿನ್ನೂ ಒಂದು ತಿಂಗಳು. ಬಾಣಂತಿಗೆ ಎದೆಹಾಲು ಚೆನ್ನಾಗಿ ಬರಲೆಂದು ನಿಂಗಮ್ಮ ಎಲ್ಲಕ್ಕಿಂತ ದಪ್ಪನೆಯ ಕೊರಮ ಮೀನುಗಳನ್ನು ಆರಿಸಿ, ಬೆಳಿಗ್ಗೆ ಎಂಟೂವರೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿಬಿಟ್ಟಿದ್ದಳು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೂಗಿದೆ.

"ಏಳಿದ್ರೆ ಏನ್ ಮಾಡ್ತಿದ್ರಿ ಸಾ? ಹನ್ನೆರಡೂವರೆಗಂಟ ಬಸ್ಸಿಲ್ಲ. ಇಲ್ಲಿ ಒಲೆಗಳು ಉರೀತಾ ಇದ್ದೋ."

ಟ್ರಂಕ್ ಕಾಲ್ ಬುಕ್ ಮಾಡಿದರೆ ಸಂಜೆಯೊಳಗೆ ಸಿಕ್ಕುವ ಭರವಸೆ ಇರಲಿಲ್ಲ. ಹನ್ನೆರಡೂವರೆಯ ಬಸ್ಸು ಹತ್ತಿದೆವು. ಸೀಟು ಖಾಲಿಯಿದ್ದರೂ ಅವಳು ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಬಸ್ಸು ಪ್ರತಿ ಹಳ್ಳಿಗೂ ನಿಂತಿತು. ಕೋಳಿ ಹತ್ತಿದವು, ಸೌದೆ ಇಳಿಯಿತು. ಒಂದು ಕಡೆ ಡ್ರೈವರು ಇಳಿದು ಹೋಟೆಲಿನ ಬೆಂಚಿನ ಮೇಲೆ ಕೂತು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಆರಿಸತೊಡಗಿದ. ನಿಂಗಮ್ಮ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನ ಲೋಟವನ್ನೇ ನೋಡುತ್ತಿದ್ದಳು, ತುಟಿ ಏನನ್ನೋ ಜಪಿಸುತ್ತಿತ್ತು. ನಾನು ಹೋಗಿ, ಸರ್ಕಾರಿ ಕೆಲಸ, ಬೇಗ ಹೊರಡಿಸಿ ಎಂದು ಜಬರದಸ್ತು ಮಾಡಿದೆ. ಏನು ಕೆಲಸವೆಂದು ಕೇಳಿದ. ನಾನು ಹೇಳಲಿಲ್ಲ.

ನನ್ನ ಜೇಬಿನಲ್ಲಿ ಚೀಟಿಗಳು ಒದ್ದೆಯಾಗಿ, ಮೀನಿನ ವಾಸನೆ ಹೊಡೆಯುತ್ತಿದ್ದವು. ಕಿಟಕಿಯ ಪಕ್ಕ ಕೂತು ಒಂದೊಂದಾಗಿ ತೆಗೆದು, ಚೂರು ಚೂರು ಮಾಡಿ ಹೊರಗೆ ಬಿಡುತ್ತ ಹೋದೆ. ಅಲ್ಲೊಂದು ಜೀವ ಇದೆಯೋ ಇಲ್ಲವೋ ಎಂಬ ಹೊತ್ತಿನಲ್ಲಿ ನಾನು ಮಾಡಿದ ಕೆಲಸ ಅದು. ತಲೆಯೆತ್ತಿದಾಗ ನಿಂಗಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿದಳು.

ಚನ್ನರಾಯಪಟ್ಟಣದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅವಳು ಜಿಗಿದಳು. ಎರಡು ಓಣಿ ದಾಟಿ ಒಂದು ಹೆಂಚಿನ ಮನೆಗೆ ನುಗ್ಗಿದಳು. ನಾನು ಬಾಗಿಲಿಗೆ ಬರುವಷ್ಟರಲ್ಲಿ ತಟ್ಟೆ ಗೋಡೆಗೆ ಬಡಿದ ಸದ್ದಾಯಿತು. ಮುದ್ದೆ ಒಂದು ಕಡೆ, ಮೀನಿನ ಸಾರು ಒಂದು ಕಡೆ. ಗೌರಿ ಎಳೆಗೂಸನ್ನು ಎದೆಗೆ ಅವುಚಿಕೊಂಡು ಬೆಪ್ಪಾಗಿ ಕೂತಿದ್ದಳು.

"ಉಂಡ್ಯಾ? ಬಾಯ್ಗೆ ಇಟ್ಯಾ? ಏಳೇ!"

"ಇಲ್ಲ ಕಣವ್ವ. ಇವ್ನು ಬುಡ್ನೇ ಇಲ್ಲ ನನ್ನ, ಆಗ್ಲಿಂದ ಒಂದೇ ಸಮ ಅಳ್ತಾವ್ನೆ. ಈಗ್ ಕುಂತೆ. ಏನವ್ವ, ಏನಾಯ್ತು?"

"ದೊಡ್ಡೋನು?"

"ಅವ್ನು ಮೊಸ್ರನ್ನ ತಿಂದ್ ಮನಿಕಂಡ."

ನಿಂಗಮ್ಮ ಉಸಿರು ಬಿಟ್ಟಳು. ಆಮೇಲೆ ಸುತ್ತ ನೋಡಿದಳು. "ನಿನ್ ಗಂಡ?"

"ಉಂಡ್ಕಂಡು ಮಂಡಿಗೋದ್ರು. ಓಗಿ ಒಂದ್ ಗಂಟೆ ಆಯ್ತು."

ಮಂಡಿಯಲ್ಲಿ ತೆಂಗಿನಕಾಯಿ ರಾಶಿಗಳ ನಡುವೆ ಜನ ಗುಂಪುಗಟ್ಟಿದ್ದರು. ಚಿಕ್ಕಣ್ಣ ನೆಲದ ಮೇಲೆ ಬಿಲ್ಲಿನ ಹಾಗೆ ಬಾಗಿ ಬಿದ್ದಿದ್ದ. ಬಾಯೆಲ್ಲ ನೊರೆ, ಕಣ್ಣು ಮೇಲಕ್ಕೆ. ಕೈಕಾಲು ಸೆಟೆದು ಸೆಟೆದು ನೆಲಕ್ಕೆ ಬಡಿಯುತ್ತಿದ್ದವು. ಯಾರೋ ಅವನ ಮುಷ್ಟಿಯೊಳಗೆ ಬೀಗದ ಕೈಗೊಂಚಲು ತುರುಕಿದ್ದರು, ಇನ್ಯಾರೋ ಮೂಗಿಗೆ ಈರುಳ್ಳಿ ಹಿಡಿದಿದ್ದರು.

"ಮೂರ್ಛೆ ಕಣ್ರಪ್ಪ. ಕಬ್ಬಿಣ ಬುಡ್ಬೇಡಿ. ಈಗ್ ಎದ್ದೇಳ್ತಾನೆ" ಎಂದು ಒಬ್ಬ ಹಿರಿಯ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದ.

ಅದು ಮೂರ್ಛೆಯಲ್ಲವೆಂದು ಅಲ್ಲಿ ನಮ್ಮಿಬ್ಬರಿಗೇ ಗೊತ್ತಿದ್ದದ್ದು. ಕಾಯಿ ಸಾಗಿಸುವ ಗಾಡಿಯ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ತಂದೆವು. ಡಾಕ್ಟರು ಮಂಡಿಯವರನ್ನು ಕೇಳಿದರು. ಮೂರ್ಛೆ ರೋಗ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಡಾಕ್ಟರು ಪ್ಯಾಂಟು ತೊಟ್ಟು ನಿಂತಿದ್ದ ನನ್ನ ಕಡೆ ತಿರುಗಿದರು. "ನೀವು ಯಾರು? ಈತನಿಗೆ ಹಿಂದೆ ಹೀಗೆ ಬಂದಿತ್ತೇ? ಏನಾದರೂ ತಿಂದಿದ್ದನೇ?"

ಹೇಳಬೇಕಾದ್ದು ಒಂದೇ ಮಾತು. ಆ ಮಾತು ಹೇಳಿದರೆ ನನ್ನ ಹುದ್ದೆ, ನನ್ನ ಸೀಲು, ಕಾಫಿ ಕುಡಿಯುತ್ತ ಒತ್ತಿದ ಕಟ್ಟು, ಎಲ್ಲ ಹೊರಗೆ ಬರುತ್ತಿತ್ತು. ಅಮ್ಮನ ಮುಖ ಕಣ್ಣ ಮುಂದೆ ಬಂತು, ಜೈಲಿನ ಬಾಗಿಲು ಬಂತು. "ನಾನು… ಜೊತೆಗೆ ಬಂದವನು" ಎಂದಷ್ಟೇ ಅಂದೆ. ಮಂಚದ ಮೇಲೆ ಚಿಕ್ಕಣ್ಣನ ಹಲ್ಲು ಕಟಕಟ ಎನ್ನುತ್ತಿತ್ತು.

"ಎಂಡ್ರಿನ್ ಸಾ!" ನಿಂಗಮ್ಮ ಜನರನ್ನು ನೂಕಿಕೊಂಡು ಮುಂದೆ ಬಂದಳು. "ಯಾರೋ ಕೆರೆಗೆ ಉಯ್ದು ಇಡ್ದ ಮೀನು. ಅದ್ನ ಉಂಡವ್ನೆ. ಮಾರ್ದೋಳು ನಾನು, ಕಳಿಸ್ದೋಳೂ ನಾನು. ಬೇಗ ಏನಾದ್ರೂ ಮಾಡಿ ಸಾ."

ಡಾಕ್ಟರು ಕಾಂಪೌಂಡರನ್ನು ಕೂಗಿ ಹೊಟ್ಟೆ ತೊಳೆಯುವ ಕೊಳವೆ ತರಿಸಿದರು. ಕೈ ಕೆಲಸ ಮಾಡುತ್ತಲೇ ಗದರಿದರು: "ಹೊಳೆನರಸೀಪುರದ ಮೀನು ಅಂತೀಯ. ಅಲ್ಲಿ ತಪಾಸಣೆ ಮಾಡುತ್ತಾರಲ್ಲ? ಇದು ಆಗಿರಲಿಲ್ಲವೇ?"

ನಾನು ಕಿಟಕಿಯ ಕಡೆ ತಿರುಗಿದೆ.

"ಇಲ್ಲ ಸಾ," ಎಂದಳು ನಿಂಗಮ್ಮ. "ನಾನೇ ನೋಡ್ದೆ ಮಾರ್ಬುಟ್ಟೆ."

ಚಿಕ್ಕಣ್ಣ ಬದುಕಿದ. ಮೂರು ದಿನ ಪ್ರಜ್ಞೆ ಇರಲಿಲ್ಲ, ಆಮೇಲೆ ಕಣ್ಣು ಬಿಟ್ಟ. ಬಹಳ ಕಾಲ ಅವನ ಕೈ ನಡುಗುತ್ತಿತ್ತಂತೆ, ಮೂಟೆ ಎತ್ತಲು ಆಗುತ್ತಿರಲಿಲ್ಲವಂತೆ. ಕುಕ್ಕೆ ತಂದ ಆ ಇಬ್ಬರು ಪೊಲೀಸರಿಗೆ ಸಿಗಲಿಲ್ಲ. ಹಾಸನದಿಂದ ವಿವರಣೆ ಕೇಳಿ ಕಾಗದ ಬಂತು: ಸದರಿ ಮೀನಿಗೆ ತಪಾಸಣೆಯ ಚೀಟಿ ಇತ್ತೇ? ಇರಲಿಲ್ಲ ಎಂದು ನಾನು ಬರೆದೆ. ಮರಿಯಪ್ಪನಿಗೂ ಅವನ ಕೆಲಸದ ಚಿಂತೆ ಇತ್ತು, ಬಾಯಿ ಬಿಡಲಿಲ್ಲ. ಚೀಟಿ ಕಂಡಿದ್ದ ಮನೆಗಳವರನ್ನು ಯಾರೂ ಕೇಳಲು ಹೋಗಲಿಲ್ಲ. ನಿಂಗಮ್ಮನನ್ನು ಯಾರೋ ಕೇಳಿದರಂತೆ. ಅವಳೂ ಇರಲಿಲ್ಲ ಎಂದಳಂತೆ.

ಮರು ವರ್ಷ ನನಗೆ ಅರಕಲಗೂಡಿಗೆ ವರ್ಗವಾಯಿತು. ಅಲ್ಲಿ ನಾನು ಮೀನು ತರುವವರಿಂದ ಕುಡಿಕೆಯಲ್ಲಿ ನೀರು ತರಿಸಿದೆ, ಮರಿಮೀನು ಬಿಟ್ಟು ಗಡಿಯಾರ ಹಿಡಿದು ನಿಂತೆ, ಕರ್ಚೀಫು ಬಿಟ್ಟೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಮತ್ತೆಂದೂ ನೋಡದ ವಸ್ತುವಿಗೆ ಸೀಲು ಒತ್ತಲಿಲ್ಲ. ನಾಲಿಗೆ ಇಡುವ ಧೈರ್ಯ ಮಾತ್ರ ಬರಲಿಲ್ಲ. ನಿಂಗಮ್ಮ ಚನ್ನರಾಯಪಟ್ಟಣಕ್ಕೆ ಮಗಳ ಮನೆಗೆ ಹೋದಳೆಂದೂ, ಅಳಿಯನ ಬದಲು ತಾನೇ ಮಂಡಿಯಲ್ಲಿ ಕಾಯಿ ಸುಲಿಯುವವರ ಜೊತೆ ಕೂರುತ್ತಿದ್ದಳೆಂದೂ, ಕೆಲವು ವರ್ಷಗಳ ಮೇಲೆ ತೀರಿಕೊಂಡಳೆಂದೂ ಕೇಳಿದೆ. ಆ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಇಳಿಯಲಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹೊಳೆನರಸೀಪುರದ ಬೆಸ್ತರ ಕೇರಿಯಲ್ಲಿ, ಅವಳ ಮನೆಯ ಜಗಲಿಯಲ್ಲಿ. ಸಂತೆಯಲ್ಲಿ ಅವಳಿಗಿದ್ದ ಜಾಗವನ್ನು ರದ್ದು ಮಾಡಿದ ಆರ್ಡರು ನನ್ನ ಕೈಯಲ್ಲಿತ್ತು. ಆಫೀಸಿನಲ್ಲಿ ದುಂಡಗೆ ಬರೆಯುವವನು ನಾನೊಬ್ಬನೇ ಎಂದು ಅದನ್ನು ನನ್ನ ಕೈಯಲ್ಲೇ ಬರೆಸಿದ್ದರು. ಜಾರಿ ಮಾಡುವ ಕೆಲಸವೂ ನನ್ನದೇ.

ಮನೆಯೊಳಗೆ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದವಳು ಬಂದು ಕೂತಳು. ಸುಟ್ಟ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. "ಓದಿ ಸಾ. ಏನದೆ ಅದ್ರಲ್ಲಿ?" ಎಂದಳು.

ಓದಿದೆ. ತಪಾಸಣೆಗೆ ಒಳಪಡಿಸದೆ ವಿಷಪೂರಿತ ಮೀನನ್ನು ಮಾರಾಟ ಮಾಡಿರುವುದು ರುಜುವಾತಾಗಿರುವುದರಿಂದ ಎಂಬಲ್ಲಿ ಅವಳು ತಡೆದಳು.

"ರುಜುವಾತು ಅಂದ್ರೆ?"

"ಖಾತ್ರಿಯಾಗಿದೆ ಅಂತ."

"ಊಂ." ಬೀದಿಯ ಆ ಕಡೆ ಈ ಕಡೆ ನೋಡಿ, ಬಗ್ಗಿ ಮೆಲ್ಲಗೆ ಕೇಳಿದಳು: "ನಿಮ್ ಎಸ್ರು ಎಲ್ಲೂ ಬರ್ನಿಲ್ವಲ್ಲ ಸಾ?"

"ಇಲ್ಲ."

"ಎದ್ರುಕಂಡಿದ್ದೆ," ಎಂದಳು.

ನಾನು ಶಾಯಿಯ ಡಬ್ಬಿ ತೆರೆದೆ. ಅವಳು ಬಟ್ಟೆ ಸುತ್ತಿದ ಬಲಗೈ ಬಿಟ್ಟು ಎಡಗೈ ಮುಂದೆ ಚಾಚಿದಳು. ಅವಳ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ, ಆರ್ಡರಿನ ಕೆಳಗೆ ಒತ್ತಿಸಿದೆ. ಗುರುತಿನ ಪಕ್ಕದಲ್ಲಿ, ರೂಢಿಯಂತೆ, 'ನನ್ನ ಸಮಕ್ಷಮ' ಎಂದು ಬರೆದು ಸಹಿ ಹಾಕಿದೆ. ಆ ಕಾಗದದಲ್ಲಿ ನನ್ನ ಹೆಸರು ಬಂದದ್ದು ಅಲ್ಲೊಂದೇ ಕಡೆ.